ನಾನು ಅಳಿಸಿದ ಸಿಮೆಂಟು ಪೈಪು

ಅಮೆರಿಕದಲ್ಲಿ ನಾನು ನಕ್ಷೆಗೆ ಸೇರಿಸಿದ ಮೊದಲ ಅಡೆತಡೆ ಒಂದು ಕಕ್ಕಸು.

ಬ್ರೆಂಟ್‌ವುಡ್ಡಿನ ಆಚೆ, ಫ್ರ್ಯಾಂಕ್ ಎಂಬ ರೈತನ ದಕ್ಷಿಣದ ಹೊಲದ ನಟ್ಟನಡುವೆ ಅದು ನಿಂತಿತ್ತು. ನೀಲಿ ಬಣ್ಣದ ಪ್ಲಾಸ್ಟಿಕ್ ಗೋಡೆ, ಬಿಳಿ ಸೂರು. ನಾನು ಬೆನ್ನಿಗೆ ಜಿಪಿಎಸ್ ಚೀಲ ಏರಿಸಿಕೊಂಡು, ತಲೆಯ ಮೇಲೆ ಅಣಬೆಯಂಥ ಆಂಟೆನಾ ನಿಲ್ಲಿಸಿಕೊಂಡು, ಅದರ ನಾಲ್ಕೂ ಮೂಲೆಗಳಲ್ಲಿ ಒಂದೊಂದು ನಿಮಿಷ ಅಲ್ಲಾಡದೆ ನಿಂತು ಅಳತೆ ತೆಗೆದುಕೊಂಡೆ. ಕೈಯಲ್ಲಿದ್ದ ಯಂತ್ರದ ಪಟ್ಟಿಯಲ್ಲಿ ಕಂಬ, ಮರ, ಪೈಪು, ಕಟ್ಟಡ ಎಂದು ನಾಲ್ಕೇ ಆಯ್ಕೆಗಳಿದ್ದವು. ಕಟ್ಟಡ ಎಂದು ಒತ್ತಿದೆ. ಎರಡನೇ ಮೂಲೆಯಲ್ಲಿದ್ದಾಗ ಒಳಗಿದ್ದ ಕೂಲಿಯ ಹೆಂಗಸು ಹೊರಗೆ ಬಂದಳು. ನಾನು ಸರದಿಗೆ ಕಾಯುತ್ತಿದ್ದೇನೆಂದುಕೊಂಡು ಪಾಪ ನನಗಾಗಿ ಬಾಗಿಲು ಹಿಡಿದು ನಿಂತಳು. ಥ್ಯಾಂಕ್ಸ್ ಹೇಳಿ ಮೂರನೇ ಮೂಲೆಗೆ ಹೋದೆ.

ಮಾರನೆಯ ದಿನ ಹೋಗಿ ನೋಡಿದರೆ ಕಟ್ಟಡವೇ ಇಲ್ಲ. ಅದಕ್ಕೆ ಚಕ್ರಗಳಿದ್ದವು. ಕೂಲಿಯವರು ಎಲ್ಲಿ ಕೆಲಸ ಮಾಡುತ್ತಾರೋ ಅಲ್ಲಿಗೆ ಅದನ್ನು ಟ್ರಕ್ಕಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಮಂಡ್ಯದ ಕಡೆ ಹೊಲಕ್ಕೆ ಚೊಂಬು ಹಿಡಿದು ಹೋಗುವುದನ್ನು ನೋಡಿ ಬೆಳೆದ ನನಗೆ, ಕಕ್ಕಸೇ ಹೊಲಕ್ಕೆ ಬರುತ್ತದೆಂದು ಹೇಗೆ ಗೊತ್ತಾಗಬೇಕು?

ಈಗ ಈ ಕೆಲಸಕ್ಕೆ ಸೇರುವವರು ಡ್ರೋನ್ ಹಾರಿಸಿ, ಕೈಯಲ್ಲಿರುವ ಕಾಫಿ ಆರುವುದರೊಳಗೆ ಹೊಲದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತಾರೆ. ಅವರಲ್ಲಿ ಕೆಲವರು ನನ್ನನ್ನು ಹಿರಿಯ ತಜ್ಞ ಎಂದು ಕರೆದು ಸಲಹೆ ಕೇಳುತ್ತಾರೆ. ತಜ್ಞತೆ ಹೇಗೆ ಶುರುವಾಯಿತು ಎಂಬುದು ಅವರಿಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಕೃಷಿ ಎಂಜಿನಿಯರಿಂಗು. ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ಪಾಸಾಗಿ ಪಡೆದದ್ದು. ಆ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿ, ಇಲ್ಲಿಗೆ ಬರುವಾಗ ಬಟ್ಟೆಗಳ ನಡುವೆ ಇಟ್ಟುಕೊಂಡು ಬಂದಿದ್ದೆ. ಓದಿದ್ದರ ಮುಖ್ಯ ಉದ್ದೇಶವೇ ಮತ್ತೆ ಕೆಸರಿಗೆ ಕಾಲಿಡಬಾರದು ಎಂಬುದಾಗಿತ್ತು. ಆ ಡಿಗ್ರಿಯೇ ನನ್ನನ್ನು ವಿಮಾನ ಹತ್ತಿಸಿ, ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರು ಹಾರಿಸಿ, ಫ್ರ್ಯಾಂಕನ ಹೊಲದ ಕೆಸರಿನಲ್ಲಿ ಇಳಿಸಿತು.

ಕೆಲಸ ಇಷ್ಟು. ಒಂದು ಹೊಲದಲ್ಲಿ ದೊಡ್ಡ ಟ್ರ್ಯಾಕ್ಟರು ನೇರವಾಗಿ, ಆದಷ್ಟು ಕಡಿಮೆ ತಿರುವುಗಳಲ್ಲಿ ಓಡಬೇಕಾದರೆ ಅದರ ದಾರಿಗೆ ಏನೇನು ಅಡ್ಡ ಬರುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಕರೆಂಟು ಕಂಬ, ಒಂಟಿ ಓಕ್ ಮರ, ನೆಲದಡಿಯಿಂದ ನೀರು ಮೇಲೆತ್ತುವ ಸಿಮೆಂಟು ಪೈಪು, ಹೊಲವನ್ನು ಒಳಗೊಳಗೇ ಭಾಗ ಮಾಡುವ ಕಾಲುವೆ. ಇವನ್ನೆಲ್ಲ ನಡೆದು ಗುರುತು ಮಾಡಿ, ನಕ್ಷೆಯನ್ನು ಒಂದು ಕಾರ್ಡಿಗೆ ತುಂಬಿ, ಟ್ರ್ಯಾಕ್ಟರಿನಲ್ಲಿರುವ ನಮ್ಮ ಡಬ್ಬಿಗೆ ಹಾಕುತ್ತಿದ್ದೆವು. ಡಬ್ಬಿಯ ಮೇಲೆ ಸಾಲಾಗಿ ಪುಟ್ಟ ದೀಪಗಳು. ಬಲದ ದೀಪ ಹತ್ತಿದರೆ ಬಲಕ್ಕೆ, ಎಡದ್ದು ಹತ್ತಿದರೆ ಎಡಕ್ಕೆ. ಅಡೆತಡೆ ಹತ್ತಿರ ಬಂದರೆ ಬೀಪ್ ಅನ್ನುತ್ತಿತ್ತು.

ಪ್ಲೆಸೆಂಟನ್ನಿನ ಆಫೀಸಿನಲ್ಲಿ ಈ ಕೆಲಸಕ್ಕೆ ಇದ್ದವರು ಇಬ್ಬರೇ, ನಾನು ಮತ್ತು ನನ್ನ ಮೇಲಧಿಕಾರಿ ಡಯಾನ್. ಆಕೆ ರಸ್ತೆ ಸರ್ವೆಯಲ್ಲಿ ಮಂಡಿ ಸವೆಸಿಕೊಂಡು ಬಂದ ಹೆಂಗಸು. ಮಾತು ಕಡಿಮೆ. ಆಕೆ ಮಾಡಿಸಿದ ಕಾಗದದ ಫಾರಮ್ಮಿನಲ್ಲಿ ಪ್ರತಿಯೊಂದು ಅಡೆತಡೆಯ ಮುಂದೆಯೂ ‘ಸ್ಥಳದಲ್ಲಿ ನೋಡಿದ್ದೇನೆ’ ಎಂಬ ಕಾಲಂ ಇತ್ತು, ಅದರಲ್ಲಿ ಸಹಿ ಹಾಕಬೇಕು.

“ಹತ್ತಿರ ಹೋಗಿ ನೋಡಿದ್ದಕ್ಕೆ ಮಾತ್ರ ಸಹಿ ಹಾಕು, ಪುಟ್ಟಸ್ವಾಮಿ. ಉಳಿದ ಎಲ್ಲ ತಪ್ಪನ್ನೂ ನಾನು ತಿದ್ದಬಲ್ಲೆ,” ಎಂದಿದ್ದಳು ಮೊದಲ ದಿನ. ನನ್ನ ಹೆಸರನ್ನು ಪೂರ್ತಿ ಹೇಳುತ್ತಿದ್ದವಳು ಅವಳೊಬ್ಬಳೇ. ಫ್ರ್ಯಾಂಕನಿಗೆ ನಾನು ‘ಸ್ವಾಮಿ’. ಎಲ್ಲೋ ಧ್ಯಾನ ಗೀನ ಹೇಳಿಕೊಡುವವನು ದಾರಿ ತಪ್ಪಿ ಟೊಮೇಟೊ ಹೊಲಕ್ಕೆ ಬಂದಿದ್ದಾನೆ ಎಂಬಂತೆ ಅವನು ನನ್ನನ್ನು ನೋಡುತ್ತಿದ್ದ.

ಕಂಪನಿಯ ಯಜಮಾನ ಟಾಡ್ ನನಗಿಂತ ಹತ್ತು ವರ್ಷ ಚಿಕ್ಕವನು. ಅದು ಎಲ್ಲರೂ ಬೋರ್ಡು ಬದಲಾಯಿಸಿ ಹೆಸರಿನ ಮುಂದೆ ಡಾಟ್ ಕಾಮ್ ಸೇರಿಸಿಕೊಳ್ಳುತ್ತಿದ್ದ ಕಾಲ, ಇವನೂ ಸೇರಿಸಿದ್ದ. ಮಣ್ಣಿನಲ್ಲಿ ನಡೆಯುವ ನಾವಿಬ್ಬರು ಅವನಿಗೆ ಹಳೇ ಫರ್ನಿಚರಿನ ಹಾಗೆ. ಅವನು ನೇರವಾಗಿಯೇ ಹೇಳಿಬಿಟ್ಟಿದ್ದ. ಬೇಸಿಗೆಯೊಳಗೆ ಫ್ರ್ಯಾಂಕ್ ತನ್ನ ಎಲ್ಲ ಹೊಲಗಳಿಗೂ ಒಪ್ಪಂದ ಮಾಡಿಕೊಂಡರೆ ನಮ್ಮ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ವಿಭಾಗ ಮುಚ್ಚಿದರೆ ನನ್ನ ಕೆಲಸ ಹೋಗುತ್ತದೆ, ಕೆಲಸದ ಹಿಂದೆಯೇ ವೀಸಾ. ಕಕ್ಕಸಿನ ಹೊತ್ತಿಗೆ ಇದೆಲ್ಲ ನನಗೆ ಗೊತ್ತಿತ್ತು. ಆದ್ದರಿಂದ ಡಯಾನ್ ನಕ್ಷೆ ನೋಡಿ, “ಹೊಲದ ಮಧ್ಯೆ ಯಾರು ಮನೆ ಕಟ್ಟಿದರು?” ಎಂದು ಕೇಳಿದಾಗ, ಏನೋ ಕೈತಪ್ಪು ಎಂದು ಹೇಳಿ ಆ ಕ್ಷಣವೇ ಅಳಿಸಿ, ಹೊಸ ಪ್ರಿಂಟು ತೆಗೆದುಕೊಟ್ಟೆ.

ಮನೆಯಲ್ಲಿ ನನ್ನ ಹೆಂಡತಿ ಮಂಜುಳಾಳ ಮುಂದೆ ಇಂಥ ಜಾಣತನ ನಡೆಯುತ್ತಿರಲಿಲ್ಲ. ವಾರಾಂತ್ಯಕ್ಕೆ ಯಾರದಾದರೂ ಮನೆಯಲ್ಲಿ ಪೂಜೆಯೋ ನಾಮಕರಣವೋ ಇರುತ್ತಿತ್ತು. ಕೇಸರಿಬಾತಿನ ತಟ್ಟೆ ಹಿಡಿದವರೆಲ್ಲ ಸ್ಟಾಕಿನ ಮಾತು. ನೀವು ಎಲ್ಲಿ ಎಂದು ಕೇಳಿದರೆ ನಾನು ಗಂಭೀರವಾಗಿ “ಮ್ಯಾಪಿಂಗು” ಎನ್ನುತ್ತಿದ್ದೆ. ಇಂಟರ್ನೆಟ್ ಮ್ಯಾಪಿಂಗಾ ಎಂದರೆ ಹೂಂ ಎಂಬಂತೆಯೂ ಉಹೂಂ ಎಂಬಂತೆಯೂ ತಲೆಯಾಡಿಸುತ್ತಿದ್ದೆ.

ಒಮ್ಮೆ ವಾಪಸು ಬರುವಾಗ ಫ್ರೀವೇಯಲ್ಲಿ ಮಂಜುಳಾ ಕೇಳಿದಳು. “ಅಲ್ಲಾ ರೀ, ಅವ್ರ್ ಮುಂದೆ ಇಂಟರ್ನೆಟ್ಟು ಅಂದ್ರಲ್ಲ, ಬಾಲ್ಕನೀಲಿ ನಿಮ್ಮ ಬೂಟಿಂದ ಕೆರೆದು ಹಾಕಿದ್ನಲ್ಲ, ಅದ್ಯಾವ ಸಾಫ್ಟ್‌ವೇರು?”

“ಎಲ್ಲಾನೂ ಬಿಡಿಸಿ ಹೇಳಕ್ಕಾಗುತ್ತೇನೇ?”

“ಹೇಳ್ಬೇಡಿ ಬಿಡಿ. ಆ ಮಣ್ಣಲ್ಲಿ ನಾನು ಕರಿಬೇವು ಹಾಕಿದೀನಿ. ಚೆನ್ನಾಗಿ ಚಿಗುರ್ತಾ ಇದೆ.”

ಕಕ್ಕಸಿನ ನಂತರದ ನನ್ನ ಸಾಧನೆ ಬದುಗಳದ್ದು. ಫ್ರ್ಯಾಂಕನ ಪಶ್ಚಿಮದ ಹೊಲದಲ್ಲಿ ಮಣ್ಣಿನ ಉದ್ದುದ್ದ ಬದುಗಳಿದ್ದವು, ಒಂದಾದ ಮೇಲೊಂದು ಮೂವತ್ತೊಂದು. ನಾನು ಮೂರು ದಿನ ಒಂದೊಂದರ ನೆತ್ತಿಯ ಮೇಲೂ ನಡೆದು, ಒಂದನ್ನೂ ಬಿಡದೆ ಒಳಗಡಿಗಳೆಂದು ನಕ್ಷೆಗೆ ಏರಿಸಿದೆ. ಇಷ್ಟು ಭಕ್ತಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ನಮ್ಮ ಕಡೆ ಬದುವೆಂದರೆ ತಮಾಷೆಯಲ್ಲ. ಒಂದು ಗೇಣು ಸರಿಸಿದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಕೋರ್ಟು ಹತ್ತುತ್ತಾರೆ. ನನ್ನ ದೊಡ್ಡಪ್ಪ ಬದುವಿನ ಮೇಲಿನ ಹುಲ್ಲನ್ನು ಸಹ ತನ್ನ ಕಡೆಯ ಅರ್ಧ, ಆ ಕಡೆಯ ಅರ್ಧ ಎಂದು ಕಣ್ಣಲ್ಲೇ ಭಾಗ ಮಾಡಿ ಕೊಯ್ಯುತ್ತಿದ್ದ.

ನಕ್ಷೆ ತೆಗೆದುಕೊಂಡು ಹೋಗಿ ಟ್ರ್ಯಾಕ್ಟರು ಓಡಿಸುವ ರಾಮೋನನಿಗೆ ತೋರಿಸಿದೆ. ರಾಮೋನ್ ಮೆಕ್ಸಿಕೋದಿಂದ ಹರೆಯದಲ್ಲಿ ಬಂದು, ಫ್ರ್ಯಾಂಕನ ಅಪ್ಪನ ಕಾಲದಿಂದಲೂ ಆ ಹೊಲಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದವು, ಹಾಗಾಗಿ ನಮಗೆ ಪರಸ್ಪರ ಚೆನ್ನಾಗಿ ಅರ್ಥವಾಗುತ್ತಿತ್ತು. ಅವನು ನಕ್ಷೆಯ ಮೇಲೆ ಬೆರಳಿಟ್ಟು ಟ್ರ್ಯಾಕ್ಟರಿನ ದಾರಿ ಹಿಡಿದ. ಬೆರಳು ಸ್ವಲ್ಪ ಹೋಗುವುದು, ತಿರುಗುವುದು, ಸ್ವಲ್ಪ ಹೋಗುವುದು, ತಿರುಗುವುದು.

“ಇಂಜಿನಿಯರೋ, ನಾನು ಇಲ್ಲಿ ಬಿತ್ತಬೇಕೋ, ಕುಣೀಬೇಕೋ?” ಎಂದ, ಇಂಜಿನಿಯರ್ ಎಂಬುದಕ್ಕೆ ಎಂದಿನಂತೆ ತನ್ನ ಸ್ಪ್ಯಾನಿಷಿನ ಬಾಲ ಸೇರಿಸಿ.

“ಬದು ಇದೆಯಲ್ಲ ರಾಮೋನ್. ಬದು ದಾಟಿ ಹೇಗೆ ಹೋಗ್ತೀಯ?”

ಅವನು ಹತ್ತಿರದ ಬದುವಿಗೆ ಬೂಟುಗಾಲಿನಿಂದ ಎರಡು ಸಲ ಒದ್ದ. ಒಂದು ಮೊಳ ಬದು ಪುಡಿಯಾಗಿ ನೆಲಸಮವಾಯಿತು. ಯಾರಾದರೂ ನೋಡಿಬಿಟ್ಟರೇ ಎಂದು ಅತ್ತಿತ್ತ ತಿರುಗಿ ನೋಡಿದೆ.

“ಇದು ಹೋದ ಬೆಳೆಗೆ ನೀರು ನಿಲ್ಲಿಸೋಕೆ ನಾನೇ ಎಬ್ಬಿಸಿದ್ದು,” ಎಂದ ರಾಮೋನ್. “ಬರೋ ವಾರ ನಾನೇ ಕೆಡವ್ತೀನಿ.”

ಇಡೀ ಹೊಲ ಒಬ್ಬನದೇ. ಆಚೆ ಬದಿಯಲ್ಲಿ ದಾಯಾದಿ ಇಲ್ಲ. ಬದು ಅಲ್ಲಿ ನೀರಿನ ಕೆಲಸಕ್ಕೆ ಬಂದು ಹೋಗುವ ಮಣ್ಣು ಅಷ್ಟೆ. ನನ್ನ ಮೂವತ್ತೊಂದು ಗೆರೆಗಳಲ್ಲಿ ಡಯಾನ್ ಉಳಿಸಿದ್ದು ಒಂದನ್ನು, ಅದೂ ಮಣ್ಣಿನದಲ್ಲ, ಬದುಗಳ ಜೊತೆ ನಾನು ಎಣಿಸಿಬಿಟ್ಟಿದ್ದ ಸಿಮೆಂಟಿನ ಕಾಲುವೆ. ಉಳಿದವನ್ನು ನಾನೇ ಕೂತು ಅಳಿಸಿದೆ. ಆಮೇಲೆ ಅಳಿಸುವುದರಲ್ಲಿ ನನಗೆ ಒಂಥರಾ ಧೈರ್ಯ ಬಂತು. ಅದೇ ಮುಂದಿನ ಅನಾಹುತಕ್ಕೆ ದಾರಿಯಾಯಿತು.

ಫೆಬ್ರವರಿಯ ಕೊನೆಗೆ ಉತ್ತರದ ಹೊಲದಲ್ಲಿ ಪ್ರಾತ್ಯಕ್ಷಿಕೆ ಇಡಬೇಕೆಂದು ಗೊತ್ತಾಯಿತು. ಅದನ್ನು ನೋಡಿ ಫ್ರ್ಯಾಂಕ್ ಒಪ್ಪಂದದ ಬಗ್ಗೆ ತೀರ್ಮಾನ ಹೇಳುವವನಿದ್ದ. ಆ ಹೊಲದಲ್ಲಿ ಕಾಡು ಸಾಸಿವೆ ಸೊಂಟದೆತ್ತರಕ್ಕೆ ಬೆಳೆದು ಹಳದಿ ಹೂ ಬಿಟ್ಟಿತ್ತು. ಅದರ ನಡುವೆ ಮಂಡಿಯೆತ್ತರದ ಒಂದು ಸಿಮೆಂಟು ಪೈಪು. ನಾನು ಅದನ್ನು ಮೂರು ದಿನ, ಮೂರು ಕಡೆಯಿಂದ ಹೋಗಿ ಗುರುತು ಮಾಡಿದ್ದೆ. ಆಫೀಸಿನಲ್ಲಿ ನೋಡಿದರೆ ಪರದೆಯ ಮೇಲೆ ಮೂರು ಚುಕ್ಕೆ. ಎರಡು ಹತ್ತಿರ ಹತ್ತಿರ, ಮೂರನೆಯದು ಸ್ವಲ್ಪ ದೂರ.

ಆಗ ಅದು ಅಪರೂಪವಲ್ಲ. ಉಪಗ್ರಹದ ಸಂಕೇತವನ್ನು ಆ ದಿನಗಳಲ್ಲಿ ಸರ್ಕಾರವೇ ಬೇಕೆಂದು ಕೊಂಚ ಮಸುಕು ಮಾಡಿ ಬಿಡುತ್ತಿತ್ತು. ಅದನ್ನು ಸರಿಪಡಿಸುವ ರೇಡಿಯೋ ಸಂಪರ್ಕ ಒಂದು ನಿಮಿಷ ತಪ್ಪಿದರೆ, ನಿಂತಲ್ಲೇ ನಿಂತಿರುವ ಕಂಬ ನಕ್ಷೆಯಲ್ಲಿ ಆಚೆ ಬೀದಿಗೆ ಹೋಗಿರುತ್ತಿತ್ತು.

ಡಯಾನ್ ಪರದೆ ನೋಡಿದಳು. “ಒಂದು ಪೈಪೋ, ಎರಡೋ?”

“ಒಂದೇ. ಸಿಗ್ನಲ್ಲು ಅಲ್ಲಾಡಿದೆ.”

“ಇರಬಹುದು. ಶನಿವಾರ ಹೋಗಿ ನೋಡಿ ಬಂದುಬಿಡು.”

ಆ ಶನಿವಾರ ಡ್ಯಾನ್‌ವಿಲ್‌ನಲ್ಲಿ ನಮ್ಮ ಹಾಸನದ ಗೆಳೆಯನೊಬ್ಬನ ಹೊಸ ಮನೆಯ ಗೃಹಪ್ರವೇಶ. ಹೊಸ ಬೂಟು ಕೊಂಡಿದ್ದೆ. ಬ್ರೆಂಟ್‌ವುಡ್ಡಿಗೆ ಹೋಗಿ, ಕೆಸರು ಮೆತ್ತಿಕೊಂಡು, ಅದೇ ಬೂಟಿನಲ್ಲಿ ಆ ಮನೆಯ ಬಾಗಿಲಿಗೆ ಹೋಗಲು ಮನಸ್ಸಾಗಲಿಲ್ಲ. ದಾರಿಯಲ್ಲಿ ಆಫೀಸಿಗೆ ಹೊಕ್ಕು, ಹತ್ತು ನಿಮಿಷದಲ್ಲಿ ಎರಡು ಚುಕ್ಕೆ ಅಳಿಸಿ ಒಂದನ್ನು ಉಳಿಸಿದೆ. ಫಾರಮ್ಮಿನ ಕಾಲಂನಲ್ಲಿ ‘ಸ್ಥಳದಲ್ಲಿ ನೋಡಿದ್ದೇನೆ’ ಎಂಬುದರ ಮುಂದೆ ಸಹಿ ಹಾಕಿದೆ. ಪದವೀಧರನ ಸಹಿ, ಕೊನೆಯಲ್ಲಿ ಗೆರೆ ಎಳೆದು ಎರಡು ಚುಕ್ಕೆ ಇಡುವಂಥದ್ದು. ನಕ್ಷೆಯಿಂದ ತೆಗೆದ ಚುಕ್ಕೆಗಳನ್ನು ಸಹಿಯ ಕೆಳಗೆ ಇಟ್ಟೆ ಎಂದು ಆಮೇಲೆ ಮಂಜುಳಾ ಆಡಿಕೊಂಡದ್ದುಂಟು.

ಪ್ರಾತ್ಯಕ್ಷಿಕೆಯ ದಿನ ಟಾಡ್ ಹೊಳೆಯುವ ಶೂಸು ಹಾಕಿಕೊಂಡು ಬಂದು, ಹೊಲದ ಅಂಚಿನ ಜಲ್ಲಿಯ ಮೇಲೆಯೇ ನಿಂತ. ಡಯಾನ್, ಫ್ರ್ಯಾಂಕ್ ಪಕ್ಕದಲ್ಲಿ. ರಾಮೋನ್ ಟ್ರ್ಯಾಕ್ಟರು ಚಾಲೂ ಮಾಡಿ, ಹಿಂದೆ ಕಳೆ ಕತ್ತರಿಸುವ ದೊಡ್ಡ ತಟ್ಟೆಗಳ ಡಿಸ್ಕು ಕಟ್ಟಿ ಸಿದ್ಧನಾಗಿದ್ದ. ಆಗ ಟಾಡ್‌ಗೆ ಒಂದು ಯೋಚನೆ ಹೊಳೆಯಿತು.

“ಫ್ರ್ಯಾಂಕ್, ಈ ನಕ್ಷೆ ಇದ್ದರೆ ಯಾರು ಬೇಕಾದರೂ ಓಡಿಸಬಹುದು. ಬೇಕಿದ್ದರೆ ನಮ್ಮ ಇವನೇ ಓಡಿಸಿ ತೋರಿಸುತ್ತಾನೆ.”

‘ಇವನು’ ಎಂದರೆ ನಾನು. ಮಂಡ್ಯದ ರೈತನ ಮಗ ಟ್ರ್ಯಾಕ್ಟರು ಓಡಿಸದೆ ಇರುತ್ತಾನೆಯೇ ಎಂದು ನೀವು ಕೇಳಬಹುದು. ಓದುವ ಮಗ ಹಾಳಾಗಬಾರದೆಂದು ನನ್ನನ್ನು ಮನೆಯಲ್ಲಿ ಎತ್ತಿನ ಹಗ್ಗ ಮುಟ್ಟಲು ಸಹ ಬಿಟ್ಟಿರಲಿಲ್ಲ. ಆದರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹತ್ತಿದೆ. ರಾಮೋನ್ ಪಕ್ಕದ ಪುಟ್ಟ ಸೀಟಿನಲ್ಲಿ ಮುದುಡಿ ಕೂತ.

ಮೊದಲ ಎರಡು ಸಾಲು ಚೆನ್ನಾಗಿ ಹೋದವು. ದೀಪ ಹೇಳಿದಂತೆ ತಿರುಗಿಸಿದೆ. ಪೈಪಿನ ಹತ್ತಿರ ಬೀಪ್ ಬಂತು, ಬಳಸಿಕೊಂಡು ಹೋದೆ. ಕನ್ನಡಿಯಲ್ಲಿ ಫ್ರ್ಯಾಂಕ್ ತಲೆದೂಗುವುದು ಕಂಡಿತು. ಮೂರನೇ ಸಾಲಿನ ನಡುವೆ ರಾಮೋನ್ ನನ್ನ ತೋಳು ಮುಟ್ಟಿದ.

“ನಿಲ್ಸಿ.”

“ಯಾಕೆ? ಬೀಪ್ ಬಂದಿಲ್ಲ.”

“ನಿಲ್ಸಿ, ಇಂಜಿನಿಯರೋ. ಮುಂದೆ ಪೈಪಿದೆ.”

“ಪೈಪು ಆಗಲೇ ಹೋಯ್ತಲ್ಲ. ನಕ್ಷೇಲಿ ಇಲ್ಲಿ ಏನೂ ಇಲ್ಲ.”

ಅವನು ನನ್ನ ಮುಂದೆ ಕೈ ಚಾಚಿ ಇಂಜಿನ್ ಬಂದ್ ಮಾಡಿದ. ಟ್ರ್ಯಾಕ್ಟರು ಮುಗ್ಗರಿಸಿ ನಿಂತಿತು. ರಾಮೋನ್ ಕೆಳಗಿಳಿದು, ಸಾಸಿವೆ ಗಿಡಗಳನ್ನು ಕೈಯಿಂದ ಸರಿಸುತ್ತ ಏಳೆಂಟು ಹೆಜ್ಜೆ ನಡೆದು, ತಲೆಯ ಮೇಲಿದ್ದ ಹುಲ್ಲಿನ ಟೋಪಿ ತೆಗೆದು ಹೂಗಳ ನಡುವೆ ಎಲ್ಲೋ ಇಟ್ಟ. ಕೂತಲ್ಲಿಂದಲೇ ಬಗ್ಗಿ ನೋಡಿದೆ. ಟೋಪಿ ನೆಲಕ್ಕೆ ಬೀಳಲಿಲ್ಲ. ನನ್ನ ಮುಂದಿನ ಚಕ್ರದ ನೇರಕ್ಕೆ, ಎರಡನೇ ಪೈಪಿನ ತಲೆಯ ಮೇಲೆ ಕೂತಿತ್ತು.

ಅಷ್ಟರಲ್ಲಿ ಉಳಿದವರೂ ನಡೆದುಕೊಂಡು ಬಂದರು. ಟಾಡ್ ಕೂಡ, ಹೊಳೆಯುವ ಶೂಸಿನಲ್ಲೇ.

“ಯಾಕೆ ನಿಂತಿತು?” ಎಂದು ಕೇಳಿದ.

ರಾಮೋನ್ ನನ್ನ ಮುಖ ನೋಡಿದ. ಆಮೇಲೆ ಟೋಪಿ ಎತ್ತಿ ತಲೆಗೆ ಹಾಕಿಕೊಂಡು, ಪೈಪಿಗೆ ಅಡ್ಡವಾಗಿ ನಿಂತ. ಈಗ ಅಲ್ಲಿ ಸಾಸಿವೆ ಹೂವಿನ ಹೊರತು ಮತ್ತೇನೂ ಕಾಣುತ್ತಿರಲಿಲ್ಲ. “ಇಂಜಿನ್ ಬಿಸಿ ಆಗಿದೆ, ಬಾಸ್. ಹತ್ತು ನಿಮಿಷ,” ಎಂದ.

ನಾನು ಹೂಂ ಎಂದಿದ್ದರೆ, ಹತ್ತು ನಿಮಿಷ ಬಿಟ್ಟು ಅವನು ಓಡಿಸುತ್ತಿದ್ದ. ಪೈಪನ್ನು ಬಳಸಿಕೊಂಡು ಹೋಗುತ್ತಿದ್ದ. ಫ್ರ್ಯಾಂಕ್ ಸಹಿ ಹಾಕುತ್ತಿದ್ದ, ನನ್ನ ವೀಸಾ ಉಳಿಯುತ್ತಿತ್ತು. ಆ ಲೆಕ್ಕಾಚಾರವೆಲ್ಲ ಟ್ರ್ಯಾಕ್ಟರಿನಿಂದ ಇಳಿಯುವ ಮೂರು ಮೆಟ್ಟಿಲುಗಳಲ್ಲಿ ನನ್ನ ತಲೆಯಲ್ಲಿ ಮುಗಿದಿತ್ತು. ಅದನ್ನು ಒಪ್ಪಿಕೊಂಡುಬಿಡುವವನೇ ಇದ್ದೆ. ಆದರೆ ಡಯಾನ್ ಕೈಯಲ್ಲಿ ಫಾರಮ್ಮುಗಳ ಫೈಲು ಇತ್ತು. ಅವಳು ಅದನ್ನು ತೆರೆಯಲಿಲ್ಲ, ನನ್ನನ್ನು ನೋಡುತ್ತಲೂ ಇರಲಿಲ್ಲ. ಸುಮ್ಮನೆ ಆ ಫೈಲಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು.

“ಇಂಜಿನ್ ಬಿಸಿ ಆಗಿಲ್ಲ,” ಎಂದೆ. “ಇಲ್ಲಿ ಇನ್ನೊಂದು ಪೈಪಿದೆ. ನಾನೇ ನಕ್ಷೆಯಿಂದ ಅಳಿಸಿದೆ. ಬಂದು ನೋಡದೆ, ನೋಡಿದ್ದೇನೆ ಅಂತ ಸಹಿ ಹಾಕಿದೆ.”

ಟಾಡ್ ಮುಖ ಆ ಕಡೆ ತಿರುಗಿಸಿದ. ಡಯಾನ್ ಫೈಲನ್ನು ಕಂಕುಳಿಗೆ ಸೇರಿಸಿದಳು. ಫ್ರ್ಯಾಂಕ್ ಮಾತ್ರ ನನ್ನನ್ನು ಮೊದಲ ಸಲ ನೋಡುವವನಂತೆ ನೋಡಿದ.

“ಸರಿ ಸ್ವಾಮಿ,” ಎಂದ. “ಇನ್ನೇನೇನು ಅಳಿಸಿದ್ದೀಯ?”

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

“ಎಲ್ಲ ಹೊಲಾನೂ ಇನ್ನೊಂದು ಸಲ ನಡಿ. ರಾಮೋನ್ ಜೊತೆಗೆ ಬರ್ತಾನೆ. ಆಮೇಲೆ ಹೇಳ್ತೀನಿ.”

ಆ ದಿನ ಮನೆಗೆ ಬಂದು ಮಂಜುಳಾಗೆ ಎಲ್ಲ ಹೇಳಿದೆ. ಅವಳು ಕುಕ್ಕರಿನ ಮುಚ್ಚಳ ತೆಗೆಯುವುದನ್ನೂ ಬಿಟ್ಟು ಕೇಳಿಸಿಕೊಂಡಳು. “ಕೆಲಸ ಹೋದ್ರೆ ಊರಿಗ್ ಹೋಗಣ, ಅದಕ್ಕೇನು,” ಎಂದಳು. ಕುಕ್ಕರಿನ ಕಡೆ ತಿರುಗಿ, “ಆ ಬೂಟ್ ಎಲ್ರೀ? ಹಳೇದು?” ಎಂದಳು. ಬೆಳಗ್ಗೆ ಎದ್ದಾಗ ಕೆಸರಿನ ಬೂಟು ಬಾಗಿಲ ಹತ್ತಿರ ಇತ್ತು, ಲೇಸು ಸಡಿಲ ಮಾಡಿ ಇಟ್ಟಿದ್ದಳು.

ಒಂಬತ್ತು ದಿನ ನಡೆದೆವು. ರಾಮೋನ್ ಮುಂದೆ, ನಾನು ಹಿಂದೆ. ಉತ್ತರದ ಹೊಲ, ಪಶ್ಚಿಮದ ಹೊಲ, ಟೊಮೇಟೊ ಹಾಕುವ ಮೂರು ಹೊಲ. ಅಳಿಸಿದ್ದೇನೂ ಮತ್ತೆ ಸಿಗಲಿಲ್ಲ. ಅವನು ಕಾಲಿನಿಂದ ನೆಲ ಒತ್ತಿ ತೋರಿಸಿದ ಒಂದು ಮುಚ್ಚಿದ ಹಳೇ ಕಾಲುವೆ ಮಾತ್ರ ಹೊಸದಾಗಿ ಸೇರಿತು. ಮೇಲೆ ಏನೂ ಕಾಣದು, ಮಳೆ ಬಿದ್ದರೆ ಚಕ್ರ ಹೂತುಹೋಗುತ್ತದೆ. ಕೊನೆಗೆ ಉಳಿದದ್ದು ದಕ್ಷಿಣದ ಹೊಲ. ಅಲ್ಲಿ ನವೆಂಬರಿನಲ್ಲೇ ನಮ್ಮ ಡಬ್ಬಿಯ ದೀಪ ನೋಡಿಕೊಂಡು ರಾಮೋನ್ ಗೋಧಿ ಬಿತ್ತಿದ್ದ. ಗೋಧಿ ಈಗ ಮಂಡಿಯ ಮೇಲಕ್ಕೆ ಬಂದು ಒಂದೇ ಸಮನೆ ತೂಗುತ್ತಿತ್ತು. ಫ್ರ್ಯಾಂಕ್ ತಾನೂ ನೋಡುತ್ತೇನೆಂದು ಬಂದಿದ್ದ.

ಹೊಲದ ನಟ್ಟನಡುವೆ ಗೋಧಿ ಇರಲಿಲ್ಲ. ಚೌಕಾಕಾರದ ಒಂದು ಖಾಲಿ ಜಾಗ. ಅದರ ತುಂಬ ಸಾಸಿವೆ ಹೂ. ಅಂಚುಗಳು ಎಷ್ಟು ಅಚ್ಚುಕಟ್ಟೆಂದರೆ ಯಾರೋ ದಾರ ಹಿಡಿದು ಬಿಟ್ಟಂತಿತ್ತು.

ನನಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ನಾನು ಕಕ್ಕಸನ್ನು ಅಳಿಸಿದ್ದು ಆಫೀಸಿನ ನಕ್ಷೆಯಿಂದ, ಅದರ ಪ್ರಿಂಟಿನಿಂದ. ಅದಕ್ಕೂ ಮೊದಲೇ ತುಂಬಿಟ್ಟಿದ್ದ ಟ್ರ್ಯಾಕ್ಟರಿನ ಕಾರ್ಡಿನಲ್ಲಿ ಅದು ಹಾಗೇ ಉಳಿದಿತ್ತು.

“ರಾಮೋನ್, ಇಲ್ಲಿ ಯಾಕೆ ಬಿತ್ತಲಿಲ್ಲ?” ಎಂದು ಫ್ರ್ಯಾಂಕ್ ಕೇಳಿದ.

“ಬೀಪ್ ಬಂತು, ಬಾಸ್.”

“ಇಲ್ಲಿ ಏನೂ ಇಲ್ಲ ಅನ್ನೋದು ನಿನಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಈ ಹೊಲ ಉಳ್ತಾ ಇದ್ದೀಯ.”

ರಾಮೋನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಗೊತ್ತಿತ್ತು. ಆದ್ರೆ ಇವರು ಓದಿದವರು. ಬರೆದಿದ್ದಾರೆ ಅಂದ ಮೇಲೆ ಏನೋ ಕಾರಣ ಇರಬೇಕು ಅಂದ್ಕೊಂಡೆ.”

ಅಲ್ಲಿಯವರೆಗೆ ನನ್ನ ಎಷ್ಟೋ ತಪ್ಪುಗಳಿಗೆ ನಾನು ನಕ್ಕಿದ್ದೆ, ಇಲ್ಲಿ ಬರೆಯುವಾಗಲೂ ನಗುತ್ತಿದ್ದೇನೆ. ಆ ಮಾತಿಗೆ ಮಾತ್ರ ಅವತ್ತು ನಗು ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಮೂರು ಸಲ ಇಂಗ್ಲಿಷ್ ಪರೀಕ್ಷೆ ಬರೆದು ನಾನು ಸಂಪಾದಿಸಿದ ಡಿಗ್ರಿಯನ್ನು ನನಗಿಂತ ಹೆಚ್ಚು ನಂಬಿದ್ದವನು ಅವನು.

ಅದು ಕೂಲಿಯವರ ಕಕ್ಕಸು ಎಂದು ಫ್ರ್ಯಾಂಕನಿಗೆ ಹೇಳಿದೆ. ಅವನು ಹೂಗಳ ಆ ಚೌಕವನ್ನು ಒಂದು ಸುತ್ತು ಹಾಕಿ ಬಂದ. ಬರುವಾಗ ಅವನ ಭುಜ ಅಲ್ಲಾಡುತ್ತಿತ್ತು.

“ಕಕ್ಕಸಿಗೆ ಜಾಗ ಬಿಟ್ಟಿದ್ದೀಯ, ಪೈಪಿಗೆ ಬಿಡಲಿಲ್ಲ,” ಎಂದು ಕಣ್ಣೊರೆಸಿಕೊಂಡ. ಆಮೇಲೆ ನಗು ನಿಲ್ಲಿಸಿ, ಡಯಾನಳ ಫಾರಮ್ಮನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಕಾಲಂ ಮೇಲೆ ಬೆರಳಿಟ್ಟ. “ಇಲ್ಲಿ ರಾಮೋನ್ ಸಹಿ ಹಾಕಬೇಕು. ಎಲ್ಲ ನಕ್ಷೆಗೂ. ಅದಕ್ಕೆ ಒಪ್ಪಿದರೆ ನಾನೂ ಒಪ್ಪಂದಕ್ಕೆ ಸಹಿ ಹಾಕ್ತೀನಿ.”

ಟಾಡ್ ಒಪ್ಪಿದ. ಅವನಿಗೆ ಆ ಹೊತ್ತಿಗೆ ಬೇರೆ ಚಿಂತೆಗಳಿದ್ದವು. ಅವನ ಡಾಟ್ ಕಾಮ್ ಬೋರ್ಡು ಮುಂದಿನ ವರ್ಷ ಕೆಳಗಿಳಿಯಿತು. ಹಳೇ ಫರ್ನಿಚರಿನಂತಿದ್ದ ನಮ್ಮ ವಿಭಾಗವನ್ನು ಇನ್ನೊಂದು ಕಂಪನಿ ಹೊತ್ತುಕೊಂಡು ಹೋಯಿತು. ಉಪಗ್ರಹದ ಮಸುಕನ್ನು ಸರ್ಕಾರ ತೆಗೆಯಿತು, ಡಬ್ಬಿ ಪರದೆಯಾಯಿತು, ಟ್ರ್ಯಾಕ್ಟರು ತಾನೇ ತಿರುಗಲು ಕಲಿಯಿತು. ಡಯಾನಳ ಫಾರಮ್ಮನ್ನು ಮಾತ್ರ ನಾನು ಹೋದ ಕಡೆಗೆಲ್ಲ ಕೊಂಡುಹೋದೆ. ಹೊಸ ಹೊಲಕ್ಕೆ ಹೋದಾಗ ಮೊದಲು ಕೇಳುತ್ತಿದ್ದದ್ದು ಇಲ್ಲಿ ಟ್ರ್ಯಾಕ್ಟರು ಓಡಿಸುವವರು ಯಾರು ಎಂದು.

ಟಾಡ್ ಒಪ್ಪಿದ ದಿನ ರಾಮೋನ್ ಫಾರಮ್ಮನ್ನು ಮುಂದಿಟ್ಟುಕೊಂಡು ಪೆನ್ನು ಹಿಡಿದ. “ಎಲ್ಲಿ ಹಾಕ್ಲಿ?” ಎಂದ. ಮೇಲಿನ ಗೆರೆ ತೋರಿಸಿದೆ. ಒಂದೊಂದೇ ಅಕ್ಷರ ಕೂಡಿಸಿ ಬರೆದ. ಅವನದು ಮುಗಿದ ಮೇಲೆ ನಾನು ಕೆಳಗಿನ ಗೆರೆಯಲ್ಲಿ ನನ್ನ ಹೆಸರು ಬರೆದೆ. ನಿವೃತ್ತನಾಗುವ ದಿನದವರೆಗೂ ಆ ಕಾಲಂನಲ್ಲಿ ನನ್ನ ಸಹಿ ಎರಡನೆಯದು.